ನಳನ ಹಿಮ್ಮಡಿ

'ನಿಜವನ್ನೇ ಹೇಳುತ್ತೇನೆ, ನಿಜವಲ್ಲದ್ದನ್ನು ಹೇಳಬೇಕಾಗಿ ಬಂದರೆ ಅದನ್ನೂ ನಿಜದಂತೆಯೇ ಹೇಳುತ್ತೇನೆ' ಎಂದು ಕೋರ್ಟಿನ ಪ್ರಮಾಣವನ್ನು ತಿರುಚಿ ಗೆಳೆಯರನ್ನು ನಗಿಸುತ್ತಿದ್ದವನು ನಾನು. ಈ ಒಂದು ಕಥೆಗೆ ಮಾತ್ರ ತಿರುಚದ ಪ್ರಮಾಣವೇ ಸರಿ. ಇದು ನಡೆದದ್ದು. ನಡೆಸಿದವನು ನಾನು. ಮೂರು ದಿನ ಗಡಗಡ ನಡುಗಿದವನೂ ನಾನೇ.

ನನ್ನ ಹೆಸರು ಅಂಜನಪ್ಪ. 'ಅಂಜದ ಅಪ್ಪ' ಎಂದು ತಿಪಟೂರಿನ ಕಾಲೇಜಿನಲ್ಲಿ ಎದೆ ತಟ್ಟಿಕೊಂಡು ತಿರುಗುತ್ತಿದ್ದೆ. ಬಿ.ಎ. ಮುಗಿಯಿತು. ಬಿ.ಎ. ಎಂದರೆ ಬರೀ ಅಲೆದಾಟ ಎಂದು ಆಮೇಲೆ ತಿಳಿಯಿತು. 'ಕಲಿ, ಕಲಿ' ಎಂದು ಊರಿನವರೆಲ್ಲ ಹರಸಿ ಕಳಿಸಿದ್ದರು, ನಾನು ಸಾಕ್ಷಾತ್ ಕಲಿಯೇ ಆಗಿ ವಾಪಸು ಬಂದೆ. ಕಾಲೇಜಿನಿಂದ ತಂದ ಒಂದೇ ವಿದ್ಯೆ ಎಂದರೆ ಇನ್ನೊಬ್ಬರ ದನಿ ತೆಗೆಯುವುದು. ಪ್ರಿನ್ಸಿಪಾಲರ ಕೆಮ್ಮು, ಕಿಬ್ಬನಹಳ್ಳಿ ಕ್ರಾಸಿನಲ್ಲಿ ಕಂಡಕ್ಟರು 'ರೈಟ್' ಎನ್ನುವುದು, ನಮ್ಮ ಬೀದಿಯ ಹೆಂಗಸರು ಗಂಡಂದಿರನ್ನು ಊಟಕ್ಕೆ ಕೂಗುವುದು, ಎಲ್ಲ ನನ್ನ ಗಂಟಲಲ್ಲಿತ್ತು. ಎಷ್ಟೋ ಸಲ ನನ್ನ ಕೂಗಿಗೆ ಓಡಿಬಂದು ತಟ್ಟೆ ಮುಂದೆ ಕೂತ ಗಂಡಸರನ್ನು ಅವರ ಹೆಂಡಿರು ಬೈದು ಎಬ್ಬಿಸಿದ್ದುಂಟು.

ಕ್ರಾಸಿನಿಂದ ಮೂರು ಮೈಲಿ ಒಳಗಿರುವ ನಮ್ಮೂರಿನಲ್ಲಿ ರಾಜರು ಯಾರೂ ಆಳಲಿಲ್ಲ. ನಳ ಮಹಾರಾಜ ಮಾತ್ರ ಇವತ್ತಿಗೂ ಆಳುತ್ತಿದ್ದಾನೆ. ಮದುವೆ ಅಡಿಗೆ ಚೆನ್ನಾಗಿದ್ದರೆ ಭಟ್ಟನನ್ನು ನಳ ಎನ್ನುವುದು ಎಲ್ಲ ಕಡೆ ಇರುವುದೇ. ನಮ್ಮಲ್ಲಿ ಅವನ ಕಾರುಬಾರು ಬಚ್ಚಲಿನಿಂದಲೇ ಶುರು. ಮಕ್ಕಳು ಕಾಲು ತೊಳೆಯದೆ ಒಳಗೆ ಬಂದರೆ 'ಹಿಮ್ಮಡಿ ನೋಡ್ಕಳ್ರೋ, ಕಲಿ ಹತ್ಕತಾನೆ' ಎಂದು ಅಜ್ಜಿಯರು ಗದರುತ್ತಾರೆ. ನಳ ಒಂದು ಸಂಜೆ ಅವಸರದಲ್ಲಿ ಕಾಲು ತೊಳೆದನಂತೆ, ಹಿಮ್ಮಡಿ ಒಣಗಿದ್ದು ಹಾಗೇ ಉಳಿಯಿತಂತೆ. ಹನ್ನೆರಡು ವರ್ಷದಿಂದ ಸಮಯ ಕಾಯುತ್ತಿದ್ದ ಕಲಿಪುರುಷ ಆ ಒಣ ಹಿಮ್ಮಡಿಯಿಂದಲೇ ಮೈಯೊಳಗೆ ಸೇರಿದನಂತೆ. ರಾಜ್ಯ ಹೋಯಿತು. ಉಟ್ಟ ಬಟ್ಟೆ ಹೋಯಿತು. ಕಾಡಿನಲ್ಲಿ ಮಲಗಿದ್ದ ಹೆಂಡತಿ ದಮಯಂತಿಯ ಸೀರೆಯನ್ನೇ ಅರ್ಧ ಕೊಯ್ದುಕೊಂಡು, ಅವಳನ್ನು ಅಲ್ಲೇ ಬಿಟ್ಟು ನಡೆದ. ಎಂಥ ದೊಡ್ಡ ರಾಜನಾದರೂ ಅಂಗೈಯಗಲ ಒಣ ಚರ್ಮಕ್ಕೆ ಕೆಟ್ಟ ಎನ್ನುವುದರಿಂದಲೋ ಏನೋ, ನಮ್ಮ ಜನಕ್ಕೆ ಅವನು ನೆಂಟನಿಗಿಂತ ಹತ್ತಿರ.

ಆ ಕಥೆಯಲ್ಲಿ ತೆಂಗಿನ ಸೀಮೆಯವರಿಗೆ ಪ್ರಾಣವಾದ ಭಾಗ ಬೇರೆ ಇದೆ. ರಾಜ್ಯ ಕಳೆದುಕೊಂಡ ನಳ ಋತುಪರ್ಣನೆಂಬ ರಾಜನ ಸಾರಥಿಯಾಗಿ ರಥ ಓಡಿಸುತ್ತಿರುತ್ತಾನೆ. ರಾಜನ ಉತ್ತರೀಯ ಗಾಳಿಗೆ ಹಾರಿ ಬೀಳುತ್ತದೆ. 'ನಿಲ್ಲಿಸು' ಎನ್ನುವಷ್ಟರಲ್ಲಿ ರಥ ಹರದಾರಿ ದಾಟಿರುತ್ತದೆ. ನಿನಗೆ ಕುದುರೆಯ ವಿದ್ಯೆ ಇದ್ದರೆ ನನಗೂ ಒಂದಿದೆ ಎಂದು ಋತುಪರ್ಣ ದಾರಿಬದಿಯ ತಾರೆಮರವೊಂದನ್ನು ನೋಡಿ, ಕೂತಲ್ಲಿಂದಲೇ ಅದರ ಎಲೆ ಇಷ್ಟು, ಕಾಯಿ ಇಷ್ಟು ಎನ್ನುತ್ತಾನೆ. ನಳ ಇಳಿದು ಎಣಿಸಿದರೆ ಒಂದೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಆ ವಿದ್ಯೆ ನಳನಿಗೆ ಸಿಕ್ಕ ಗಳಿಗೆಯಲ್ಲೇ ಕಲಿ ಅವನ ಮೈಬಿಟ್ಟು ಹೊರಬಂದು ಅದೇ ತಾರೆಮರಕ್ಕೆ ಸೇರಿಕೊಳ್ಳುತ್ತಾನೆ. ಅದಕ್ಕೇ ನಮ್ಮಲ್ಲಿ ತಾರೆಮರದ ಕೆಳಗೆ ಯಾರೂ ಬುತ್ತಿ ಬಿಚ್ಚುವುದಿಲ್ಲ.

ನಮ್ಮೂರಿನ ಋತುಪರ್ಣ ಎಂದರೆ ಮೂಡಲಗಿರಿಯಪ್ಪ ಮಾವ. ಅರವತ್ತು ದಾಟಿತ್ತು. ತೆಂಗಿನಕಾಯಿಗೆ ಮೂರು ಕಣ್ಣು, ಅವನಿಗೆ ಎರಡೇ. ಆದರೂ ಕಾಯಿಗಳೇ ಅವನನ್ನು ಕಂಡರೆ ಹೆದರಬೇಕು, ಅಂಥ ನೋಟ. ಮರದ ಕೆಳಗೆ ಒಂದು ಸುತ್ತು ಬರುತ್ತಿದ್ದ. ಬೆರಳು ಮಡಿಸುತ್ತಿರಲಿಲ್ಲ, ತುಟಿ ಅಲ್ಲಾಡಿಸುತ್ತಿರಲಿಲ್ಲ. ಬಲಿತ ಕಾಯಿ ಇಷ್ಟು ಎಂದುಬಿಡುತ್ತಿದ್ದ. ಸುತ್ತಲ ಹತ್ತು ಹಳ್ಳಿಗಳಲ್ಲಿ ಪಾಲಿನ ತೋಟಗಳಿಗೆಲ್ಲ ಅವನ ಬಾಯಿಮಾತೇ ತೀರ್ಮಾನ. ಅದಕ್ಕೊಂದು ಕ್ರಮವಿತ್ತು. ಕೊಯ್ಲಿನ ದಿನ ಮೊದಲು ಒಂದು ಮರ ನೋಡಿ ಸಂಖ್ಯೆ ಹೇಳುವನು. ಆ ಒಂದು ಮರವನ್ನು ಪೂರ್ತಿ ಇಳಿಸಿ ಎಲ್ಲರ ಎದುರು ಎಣಿಸುವರು. ಅದಕ್ಕೆ 'ಕಣ್ಣಿನ ಮರ' ಎಂದು ಹೆಸರು. ಅದು ಸರಿಹೋದರೆ ಮಿಕ್ಕ ಮರಗಳಿಗೆ ಅವನು ಹೇಳಿದ ಸಂಖ್ಯೆಯ ಮೇಲೆಯೇ ಪಾಲು, ಯಾರೂ ಎಣಿಸುವಂತಿಲ್ಲ. ಮೂವತ್ತು ವರ್ಷದಲ್ಲಿ ಕಣ್ಣಿನ ಮರ ಒಂದು ಸಲವೂ ತಪ್ಪಿರಲಿಲ್ಲ.

ಅದೆಲ್ಲ ನಳನ ಕೃಪೆ ಎನ್ನುತ್ತಿದ್ದ ಮಾವ. ಬೆಳಗ್ಗೆ ಎದ್ದವನು ಕಲಿ ಹತ್ತಿರ ಸುಳಿಯದಿರಲೆಂದು ಕರ್ಕೋಟಕ ನಾಗ, ದಮಯಂತಿ, ನಳ, ಋತುಪರ್ಣ ಎಂದು ನಾಲ್ಕು ಹೆಸರು ಹೇಳಿಯೇ ಕಣ್ಣು ಬಿಡುವನು. ಆಮೇಲೆ ಹಿತ್ತಲಿನ ತೊಟ್ಟಿಯ ಹತ್ತಿರ ಕಾಲು ತೊಳೆಯುವನು. ತೆಂಗಿನ ನಾರಿನಿಂದ ಹಿಮ್ಮಡಿ ಉಜ್ಜಿ ಉಜ್ಜಿ, ಆ ಹಿಮ್ಮಡಿ ಮುಖಕ್ಕಿಂತ ಬೆಳ್ಳಗಾಗಿತ್ತು.

ಎಪ್ಪತ್ತೆಂಟನೇ ಇಸವಿ, ಸಂಕ್ರಾಂತಿ ಕಳೆದ ವಾರ. ಶ್ರೀರಂಗಯ್ಯನ ತೋಟದಲ್ಲಿ ಕೊಯ್ಲು. ತೋಟದಲ್ಲಿ ಅರ್ಧ ಶ್ರೀರಂಗಯ್ಯನದು, ಅರ್ಧ ಅವನ ತೀರಿಕೊಂಡ ಅಣ್ಣನ ಹೆಂಡತಿ ಕೆಂಪಕ್ಕನದು. ಅತ್ತಿಗೆ ಮೈದುನರು ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಇಬ್ಬರ ನಡುವೆ ಓಡಾಡುತ್ತಿದ್ದುದು ಮಾವ ಹೇಳುವ ಆ ಒಂದು ಸಂಖ್ಯೆ ಮಾತ್ರ.

ಮರ ಹತ್ತುವವನು ದುರ್ಗಯ್ಯ. ನಲವತ್ತರ ಆಸುಪಾಸು, ಮಿತಭಾಷಿ. ಬಲಿತ ಒಂದು ಕಾಯಿಯನ್ನೂ ಮರದಲ್ಲಿ ಬಿಡದ ಕೈ ಎಂದು ಹೆಸರು. 'ನೀನು ಕೀಳೋನು, ನಾನು ಹೇಳೋನು' ಎಂದು ಮಾವ ವರ್ಷವರ್ಷ ಅವನನ್ನು ಕಿಚಾಯಿಸುತ್ತಿದ್ದ.

ಹಿಂದಿನ ದಿನ ನಾನು ದುರ್ಗಯ್ಯನಿಗೆ ಬೀಡಿ ಕೊಟ್ಟು ಕೇಳಿದೆ. "ದುರ್ಗಣ್ಣ, ಮಾವ ಒಂದ್ಸಲ ತಪ್ಪಿದ್ರೆ ಮುಖ ಎಂಗಾಗ್ಬೋದು?"

"ಆ ಮುಖ ನೋಡೋಕೆ ಇಪ್ಪತ್ತು ವರ್ಷದಿಂದ ಕಾಯ್ತಾ ಇವ್ನಿ."

"ಮೂರೇ ಮೂರು ಕಾಯಿ ಮೇಲೇ ಬಚ್ಚಿಟ್ಟು ಬಾ. ಗರಿ ಬುಡದ ನಾರಿನಾಗೆ ಸುತ್ತಿಡು. ಮಾವ ಒಂದು ನಿಮಿಷ ಎಗರಾಡ್ಲಿ, ಆಮೇಲೆ ಹೇಳ್ಬುಡಾನ."

"ಒಂದೇ ನಿಮಿಷ ಕಣಪ್ಪ," ಎಂದ ದುರ್ಗಯ್ಯ.

ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬಿ.ಎ. ತಲೆ, ನಿಲ್ಲಲಿಲ್ಲ. ಬೆಳಗ್ಗೆ ಮಾವನ ಹೆಂಡತಿ ರೇವಮ್ಮತ್ತೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಮಾವ ತೊಟ್ಟಿಯ ಹತ್ತಿರ ಒಂದು ಕಾಲು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ್ದ. ನಾನು ಹುಲ್ಲಿನ ಬಣವೆಯ ಹಿಂದೆ ನಿಂತು ಅತ್ತೆಯ ದನಿ ತೆಗೆದೆ.

"ಇನ್ನೂ ಕಾಲೇ ಉಜ್ತಾ ಇದೀರಾ? ಶ್ರೀರಂಗಯ್ಯೋರು ಕಾಯ್ತಾವ್ರೆ, ಬಿರ್ನೆ ಹೊರಡ್ರೀ!"

ಮಾವ ಚೊಂಬು ಬಿಟ್ಟು, ಟವೆಲು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ. ಎಡಗಾಲಿನ ಹಿಮ್ಮಡಿ ಒಣಗಿತ್ತು. ನನಗೆ ಬೇಕಾಗಿದ್ದುದೂ ಅದೇ. ಕಾಯಿ ಕಮ್ಮಿ ಬಿದ್ದಾಗ ಹಿಮ್ಮಡಿ ತೋರಿಸಿ ನಗಬೇಕು ಎಂದಿದ್ದೆ.

ತೋಟದಲ್ಲಿ ಮಾವ ಬಾವಿಯ ಪಕ್ಕದ ಮರ ಆರಿಸಿ, ಒಂದು ಸುತ್ತು ಬಂದು, "ನಲವತ್ತೊಂದು" ಎಂದ. ದುರ್ಗಯ್ಯ ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ಹತ್ತಿದ. ಕಾಯಿಗಳು ದಢ್ ದಢ್ ಎಂದು ಬಿದ್ದವು. ಮರದ ಈ ಕಡೆ ಶ್ರೀರಂಗಯ್ಯ, ಆ ಕಡೆ ಕೆಂಪಕ್ಕ. ಎಣಿಸುವ ಪಾಳಿ ಕೆಂಪಕ್ಕನದು. ನಮ್ಮಲ್ಲಿ ಒಂದು ಎನ್ನುವುದಿಲ್ಲ, ಲಾಭ ಎಂದೇ ಶುರು ಮಾಡುವುದು.

"ಲಾಭ, ಎರಡು, ಮೂರು..."

ಮೂವತ್ತೆಂಟಕ್ಕೆ ಕಾಯಿ ಮುಗಿಯಿತು.

ಕೆಂಪಕ್ಕ ಇನ್ನೊಂದು ಸಲ ಎಣಿಸಿದಳು. ಮೂವತ್ತೆಂಟು. ಶ್ರೀರಂಗಯ್ಯ ಎಣಿಸಿದ. ಮೂವತ್ತೆಂಟು. ದುರ್ಗಯ್ಯನ ಕೈಯ ಮೇಲೆ ಎಲ್ಲರಿಗೂ ಎಷ್ಟು ನಂಬಿಕೆ ಎಂದರೆ ಒಬ್ಬರೂ ತಲೆಯೆತ್ತಿ ಮೇಲೆ ನೋಡಲಿಲ್ಲ.

ನಾನು ಮಾವನ ಮುಖ ನೋಡಿದೆ. ಎಗರಾಡುತ್ತಾನೆ, ಎಣಿಸಿದವರನ್ನು ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಮೆಲ್ಲಗೆ ಎಡಗಾಲು ಎತ್ತಿ, ತಿರುಗಿಸಿ ನೋಡಿಕೊಂಡ. ಧೂಳು ಹತ್ತಿದ ಒಣ ಹಿಮ್ಮಡಿ ಅಲ್ಲಿತ್ತು. ಕಾಲು ಕೆಳಗಿಡುವುದನ್ನೇ ಮರೆತು ಒಂಟಿಕಾಲಲ್ಲಿ ನಿಂತ. ಬೂದಿ ಮೆತ್ತಿದ ಹಾಗೆ ಅವನ ಮುಖದ ಬಣ್ಣ ಹೋಯಿತು.

ಈಗ ಹೇಳಬೇಕು ಎಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕೆಂಪಕ್ಕ ಶ್ರೀರಂಗಯ್ಯನ ಕಡೆ ತಿರುಗಿ, ಹನ್ನೊಂದು ವರ್ಷದ ಮೇಲೆ ಮೊದಲ ಮಾತು ಆಡಿದಳು.

"ಹೋದ್ ವರ್ಷದ್ದೂ ಹಿಂಗೇನಾ? ಅದ್ರ ಹಿಂದಿಂದು?"

"ನನ್ನೇನ್ ಕೇಳ್ತೀಯ ಅತ್ತಿಗೆ? ನಿಮ್ಮ ಪಾಲಿಗೆ ಜಾಸ್ತಿ ಹೋಗೈತೋ ನನ್ನ ಪಾಲಿಗೆ ಕಮ್ಮಿ ಬಂದೈತೋ, ಕಣ್ಣಿಟ್ಟೋರ್ನ ಕೇಳು!"

ಜಗಳ ಹೊತ್ತಿಕೊಂಡಿತು. ನಾನು ತೆರೆದ ಬಾಯಿ ಮುಚ್ಚಿಕೊಂಡೆ. ದುರ್ಗಯ್ಯ ಮರದಿಂದ ಇಳಿದವನು ನನ್ನ ತೋಳು ಹಿಡಿದು ಬಾವಿಯ ಆಚೆ ಎಳೆದ.

"ಈಗ ಬಾಯಿ ಬುಟ್ಟೀಯ, ಹುಷಾರ್! ಕಾಯಿ ಬಚ್ಚಿಟ್ಟೋನು ಅಂತಾದ್ರೆ ನಾಳೆ ಯಾರೂ ನಂಗೆ ಮರ ಮುಟ್ಟೋಕೆ ಬುಡಲ್ಲ. ಸಂಜೆ ತಣ್ಣಗಾಗ್ಲಿ, ಮೂಡ್ಲಗಿರಣ್ಣನಿಗೆ ಮನೆಯಾಗೆ ಹೇಳಾನ."

ಒಂದು ನಿಮಿಷದ ತಮಾಷೆ ಸಂಜೆಗೆ ಹೋಯಿತು. ಕೊಯ್ಲು ನಿಂತಿತು.

ಸಂಜೆ ಮಾವನ ಮನೆಗೆ ಹೋದೆ. ಜಗುಲಿಯ ಮೇಲೆ ತಲೆಗೆ ಟವೆಲು ಮುಸುಕು ಹಾಕಿಕೊಂಡು ನೆಲ ನೋಡುತ್ತಾ ಕೂತಿದ್ದ. ಎದುರಿಗೆ ಮಚ್ಚು, ಕುಡುಗೋಲು, ಈಳಿಗೆಮಣೆ, ಒಂದು ಕತ್ತರಿ ಸಾಲಾಗಿ ಜೋಡಿಸಿಟ್ಟಿದ್ದ.

"ಬಂದ್ಯಾ ಅಂಜನಪ್ಪ? ಇವಿಷ್ಟನ್ನೂ ನಿಮ್ಮನೆಗೆ ತಗಂಡು ಹೋಗು. ನಾನು ಬಂದ್ ಕೇಳಿದ್ರೂ ಕೊಡ್ಬ್ಯಾಡ."

"ಯಾಕ್ ಮಾವ?"

"ನಳ ಏನ್ ಮಾಡ್ದ ಗೊತ್ತಿಲ್ವೇನ್ಲಾ? ದಮಯಂತಿ ಸೀರೆ ಕುಯ್ಕಂಡು ಕಾಡಾಗೆ ಬುಟ್ ಹೋದ. ಅಂಥ ಪುಣ್ಯಾತ್ಮನ ಕೈಲೇ ಮಾಡಿಸ್ತು. ನನ್ನ ಕೈ ಏನ್ ಮಾಡ್ತದೋ!"

ಒಳಗಿಂದ ರೇವಮ್ಮತ್ತೆ ಬಂದಳು. ಅಳು ತಡೆದುಕೊಂಡು ಸಿಟ್ಟು ಮಾಡುತ್ತಿದ್ದಳು. "ನೋಡಪ್ಪ ನಿಮ್ಮಾವನ್ನ! ಈಳಿಗೆಮಣೆ ಕೊಟ್ಬುಟ್ರೆ ಸೊಪ್ಪು ಹಲ್ಲಾಗೆ ಕಚ್ಲಾ? ಕಟ್ಕಂಡು ಮೂವತ್ತೈದು ವರ್ಷ ಆಯ್ತು. ಬುಟ್ ಹೋಗ್ಬೇಕು ಅಂದ್ರೂ ಇಲ್ಲೆಲ್ಲೈತೆ ಕಾಡು? ಎತ್ತ ಹೋದ್ರೂ ಯಾರ್ದೋ ತೋಟ."

ನನಗೆ ನಗು ಬರಬೇಕಿತ್ತು. ಮಾವ ಎರಡೂ ಕೈಗಳನ್ನು ಕಂಕುಳಲ್ಲಿ ಅದುಮಿಟ್ಟುಕೊಂಡದ್ದನ್ನು ನೋಡಿ ಬರಲಿಲ್ಲ.

"ಮಾವ, ಒಂದ್ ಮಾತು..."

"ನೀನು ಕೇಳು ಮೊದ್ಲು," ಎಂದು ಮಾವ ದನಿ ತಗ್ಗಿಸಿದ. "ಬೆಳಗ್ಗೆ ನಾನು ಕಾಲು ತೊಳೀತಾ ಇದ್ದೆ. ಇವಳು ಕೂಗಿದ್ಲು, ಬಿರ್ನೆ ಹೊರಡ್ರೀ ಅಂತ. ಅದಕ್ಕೇ ಅರ್ಧಕ್ಕೆ ಬುಟ್ಟೆ. ಈಗ ಕೇಳಿದ್ರೆ ಇವಳು ಕೂಗೇ ಇಲ್ವಂತೆ. ಕೊಟ್ಟಿಗೆಯಾಗೆ ಕೆಚ್ಚಲಿಗೆ ಕೈ ಹಾಕಿದ್ಲಂತೆ."

"ನಾನ್ ಕೂಗ್ಲಿಲ್ಲ ಕಣಪ್ಪ," ಎಂದಳು ಅತ್ತೆ. ಸೆರಗು ಬಾಯಿಗೆ ಹೋಯಿತು. "ನಾನೂ ಕೇಳಿಸ್ಕಂಡೆ. ನನ್ ದನಿ ನಂಗೇ ಹೊರಗಡೆಯಿಂದ ಕೇಳಿಸ್ತು. ಹಾಲಿನ ಚೊಂಬು ಕೈಯಿಂದ ಜಾರ್ತು."

"ಅದು ಇವಳ ದನಿ ತಗಂಡು ಬಂದಿತ್ತು ಕಣ್ಲಾ," ಎಂದ ಮಾವ. "ಮೂವತ್ತು ವರ್ಷದಿಂದ ಕಾಯ್ತಾ ಇತ್ತು."

ನನಗೂ ಹೆದರಿಕೆ ಹತ್ತಿತು. ಕಲಿ ಎಂಬುವನು ಎಲ್ಲೋ ಇದ್ದಾನೆ ಎಂದಲ್ಲ. ಈ ಇಬ್ಬರು ಮುದುಕರು ನೋಡಿ ಹೆದರುತ್ತಿದ್ದ ಆ ವಸ್ತು ನಾನೇ ಎಂದು. ಹೇಳಿದರೆ ಏನಾಗುತ್ತದೆ? ಮಾವ ಹೊಡೆಯಲಿ, ತಡೆದುಕೊಳ್ಳಬಹುದು. ಅತ್ತೆ ಇನ್ನು ನನ್ನ ಮುಖ ನೋಡದಿದ್ದರೆ? ನನ್ನ ತಾಯಿ ಹೋದ ಮೇಲೆ ಹಬ್ಬಕ್ಕೆ ಕರೆದು ಎಲೆ ಹಾಕುತ್ತಿದ್ದವಳು ಅವಳೊಬ್ಬಳೇ. 'ನಾಳೆ ಹೇಳುತ್ತೇನೆ' ಎಂದುಕೊಂಡು ಮಚ್ಚು, ಕುಡುಗೋಲು, ಈಳಿಗೆಮಣೆ, ಕತ್ತರಿ ಹೊತ್ತುಕೊಂಡು ಮನೆಗೆ ಬಂದೆ.

ಮಾರನೆಯ ದಿನ ಮಾವ ಬೀದಿಯಲ್ಲಿ ತಲೆ ತಗ್ಗಿಸಿ ನಡೆದ. ಮರಗಳ ಕಡೆ ಕಣ್ಣೆತ್ತಲಿಲ್ಲ. ನಮ್ಮೂರಿನಲ್ಲಿ ಮರ ನೋಡದೆ ನಡೆಯಬೇಕಾದರೆ ಕಣ್ಣು ಕಟ್ಟಿಕೊಂಡೇ ನಡೆಯಬೇಕು. ಒಂದು ಗೂಟಕ್ಕೆ ಎಡವಿದ, ಒಂದು ಎಮ್ಮೆಗೆ ಗುದ್ದಿದ. ಎರಡೂ ಪಾಲಿನವರು ಅವನ ಎದುರೇ ಬೇರೆ ಊರಿನಿಂದ ಎಣಿಸುವವರನ್ನು ಕರೆಸುವ ಮಾತಾಡಿದರು. ನಾನು ಹೇಳಲು ಹೋದೆ. ಜನ ಇದ್ದರು, ಬಂದೆ. ಮತ್ತೆ ಹೋದೆ, ಮಾವ ಮುಸುಕು ಹಾಕಿ ಮಲಗಿದ್ದ, ಬಂದೆ. ಅಂಜದ ಅಪ್ಪನ ಕಥೆ ಇಷ್ಟು.

ಮೂರನೆಯ ದಿನ ಬೆಳಗ್ಗೆ ರೇವಮ್ಮತ್ತೆ ನಮ್ಮ ಬಾಗಿಲಿಗೆ ಓಡಿಬಂದಳು. ತಲೆ ಬಾಚಿರಲಿಲ್ಲ.

"ಅಂಜನಪ್ಪ, ನಿಮ್ಮಾವ ಕೋಳಿ ಕೂಗೋ ಹೊತ್ತಿಗೇ ಎದ್ದೋಗವ್ರೆ. ತಾರೆಮರದಾಗಿಂದ ಬಂದದ್ದು, ತಾರೆಮರಕ್ಕೇ ಬುಟ್ ಬತ್ತೀನಿ ಅಂದ್ರು. ಮರದ ಕಾಯಿ ಹೇಳಿ, ಹತ್ತಿ ಕಿತ್ತು ಎಣಿಸ್ತಾರಂತೆ. ಸರಿಹೋದ್ರೆ ಅದು ಮೈ ಬುಡ್ತದಂತೆ. ಸರಿಹೋಗ್ದಿದ್ರೆ ನಾನು ಬರಾಕಿಲ್ಲ, ನೀನು ತವರಿಗೆ ಹೋಗು ಅಂದ್ರು. ಅರವತ್ತೆರಡು ವರ್ಷದೋರು ಮರ ಹತ್ತೋದೇನಪ್ಪ? ಆಯುಷ್ಯದಾಗೆ ಒಂದ್ ಮರ ಹತ್ತಿದೋರಲ್ಲ!"

ನಿಜ. ಮಾವ ಜನ್ಮದಲ್ಲೇ ಮರ ಹತ್ತಿದವನಲ್ಲ. ಕೆಳಗೆ ನಿಂತು ನೋಡುವುದಷ್ಟೇ ಅವನ ವಿದ್ಯೆ.

ದುರ್ಗಯ್ಯನನ್ನು ಎಳೆದುಕೊಂಡು ಕ್ರಾಸಿಗೆ ಓಡಿದೆ. ತಾರೆಮರಗಳಿರುವುದು ಚಿಕ್ಕನಾಯಕನಹಳ್ಳಿಯ ಕಡೆಯ ಗುಡ್ಡಗಳಲ್ಲಿ. ಬಸ್ಸು ಬರುವುದು ತಡವಾಯಿತು. ಬಂದದ್ದು ತೆವಳಿತು. ಕಂಡಕ್ಟರು 'ರೈಟ್' ಎಂದಾಗಲೆಲ್ಲ ನನ್ನದೇ ದನಿ ಕೇಳಿದ ಹಾಗಾಗಿ ಬೆಚ್ಚಿದೆ. ಪಕ್ಕದಲ್ಲಿ ದುರ್ಗಯ್ಯ ಹಗ್ಗ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಬಿದ್ದೋಗಿದ್ರೆ?" ಎಂದ.

"ಬುಡು ದುರ್ಗಣ್ಣ."

"ಬಿದ್ದೋಗಿದ್ರೆ ರೇವಕ್ಕನಿಗೆ ಯಾರ್ ಹೇಳೋದು? ನೀನಾ, ನಾನಾ?"

ಕಿಟಕಿಯಾಚೆ ತೋಟ ಮುಗಿದು ರಾಗಿ ಹೊಲ ಬಂತು, ಹೊಲ ಮುಗಿದು ಕಲ್ಲು ಗುಡ್ಡ ಬಂತು. ನಾನು ಸುಮ್ಮನೆ ಕಾಲು ತಿರುಗಿಸಿ ನೋಡಿಕೊಂಡೆ. ಎರಡೂ ಹಿಮ್ಮಡಿ ಕೆಂಪು ಧೂಳು.

ಗುಡ್ಡದ ಬುಡದಲ್ಲಿ ಇಳಿದೆವು. ಕುರಿ ಕಾಯುವವನೊಬ್ಬ ಕೋಲೆತ್ತಿ ಒಂದು ಕೊರಕಲಿನ ಕಡೆ ತೋರಿಸಿದ. "ಮುಸುಕು ಹಾಕ್ಕಂಡಿರೋ ಮುದುಕಪ್ಪನಾ? ಬೆಳಗ್ಗಿಂದ ಮರದಾಗೇ ಅವ್ನೆ. ಕರೆದ್ರೆ ಮಾತಾಡಲ್ಲ."

ನೆತ್ತಿಯ ಮೇಲೆ ಬಿಸಿಲು. ಕೊರಕಲಿನಲ್ಲಿ ಒಂದೇ ಒಂದು ತಾರೆಮರ, ನೆಟ್ಟಗೆ, ಬೂದಿ ಬಣ್ಣದ ಕಾಯಿಗಳ ಗೊಂಚಲು ಹೊತ್ತು ನಿಂತಿತ್ತು. ಎರಡಾಳೆತ್ತರದ ಕವಲಿನಲ್ಲಿ ಮಾವ. ಕೊಂಬೆಯೊಂದನ್ನು ತಬ್ಬಿಕೊಂಡು, ಕಣ್ಣು ಮುಚ್ಚಿಕೊಂಡು ಕೂತಿದ್ದ. ಹೆಗಲಿಗೆ ಒಂದು ಕೈಚೀಲ. ಕಾಲ ಕೆಳಗಿನ ರೆಂಬೆ ಒಣಗಿದ್ದು, ಅವನು ಉಸಿರಾಡಿದರೂ ಕಿರ್ ಎನ್ನುತ್ತಿತ್ತು. ಬುಡದಲ್ಲಿ ಪೂರಾ ಕಲ್ಲು.

ಹತ್ತಿರ ಹೋಗುತ್ತಿದ್ದಂತೆ ನನಗೊಂದು ಉಪಾಯ ಹೊಳೆಯಿತು. ಬಂಡೆಯ ಹಿಂದೆ ನಿಂತು ಕಲಿಯ ದನಿ ತೆಗೆದು, 'ಮೂಡಲಗಿರಿ, ನಿನ್ನನ್ನು ಬಿಟ್ಟೆ, ಇಳಿದು ಹೋಗು' ಎಂದುಬಿಟ್ಟರೆ ಎಲ್ಲ ಸರಿಹೋಗುತ್ತದೆ. ನಾನು ಒಪ್ಪಿಕೊಳ್ಳಬೇಕಾದ್ದೂ ಇಲ್ಲ. ಹೊಟ್ಟೆಯಿಂದ ಗಾಳಿ ಎಳೆದು ಬಾಯಿ ತೆರೆದೆ. ದನಿ ಹೊರಡಲಿಲ್ಲ. ಇನ್ನೊಂದು ಸಲ ಎಳೆದೆ. ಬಂತು, ಆದರೆ ಬಂದದ್ದು ಬರೀ ನನ್ನದು, ಕೀಚಲು, ನಡುಗುವ ದನಿ.

"ಮಾವ, ನಿನ್ ಲೆಕ್ಕ ತಪ್ಪಿಲ್ಲ. ಮೂರು ಕಾಯಿ ಮರದಾಗೇ ಅವೆ. ನಾವೇ ಬಚ್ಚಿಟ್ವಿ. ಅತ್ತೆ ದನಿಯಾಗೆ ಕೂಗಿದ್ದೂ ನಾನೇ."

ಮಾವ ಕಣ್ಣು ಬಿಟ್ಟ. ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಹಾವು ಕಂಡವನ ನೋಟ ಅದು.

"ಬಂದ್ಯಾ," ಎಂದ ಮೆಲ್ಲಗೆ. "ಅವತ್ತು ಅವಳ ದನಿಯಾಗೆ ಬಂದೆ. ಇವತ್ತು ನಮ್ಮ ಅಂಜನಪ್ಪನ ದನಿಯಾಗೆ ಬಂದೀಯ. ನಾನು ಮೋಸ ಹೋಗಲ್ಲ."

ಹಾಗೆಂದು ಇನ್ನೊಂದು ಕೊಂಬೆ ಮೇಲಕ್ಕೆ ತೆವಳಿದ. ಒಣ ರೆಂಬೆ ಲಟಕ್ಕನೆ ಮುರಿದು ನನ್ನ ಕಾಲ ಹತ್ತಿರ ಬಿತ್ತು. ಮಾವನ ಒಂದು ಕಾಲು ಗಾಳಿಯಲ್ಲಿ ತೂಗಿತು. ನಾನು ಕಿರುಚಿ ಕಲ್ಲಿನ ಮೇಲೆ ಕುಸಿದು ಕೂತೆ. ಇಷ್ಟು ದಿನ ಎಲ್ಲರ ದನಿಯಲ್ಲೂ ಮಾತಾಡಿದವನಿಗೆ ತನ್ನ ದನಿ ತನ್ನದೇ ಎಂದು ತೋರಿಸಲು ಒಂದು ಸಾಕ್ಷಿಯೂ ಇರಲಿಲ್ಲ.

ಆಗ ದುರ್ಗಯ್ಯ ಮುಂದೆ ಬಂದ. ಕೂಗಲಿಲ್ಲ, ಜಗುಲಿಯಲ್ಲಿ ಮಾತಾಡುವ ಹಾಗೆ ಮಾತಾಡಿದ.

"ಮೂಡ್ಲಗಿರಣ್ಣ, ನಾನು ದುರ್ಗ. ನಂಗೆ ಇರೋದು ಒಂದೇ ದನಿ. ಈ ಮುಂಡೇದು ಹೇಳಿದ್ದು ದಿಟ. ಮೂರು ಕಾಯಿ ನಾನೇ ಇಟ್ಟಿವ್ನಿ. ನಿನ್ ಮುಖ ಒಂದ್ಸಲ ಸಣ್ಣಗಾಗೋದು ನೋಡ್ಬೇಕು ಅಂತ ಆಸೆ ಆಯ್ತು. ತಪ್ಪಾಯ್ತು."

ಮಾವ ತೂಗುತ್ತಿದ್ದ ಕಾಲನ್ನು ಕವಲಿಗೆ ಎಳೆದುಕೊಂಡ. ಗುಡ್ಡದಾಚೆ ಕುರಿ ಅರಚಿತು.

"ನನ್ನ ಇಳಿಸೋಕೆ ಹೇಳ್ತಾ ಇದೀಯ," ಎಂದ ಮಾವ ಕಡೆಗೆ. "ಸಾಯೋ ಮುದುಕನ್ನ ಸಮಾಧಾನ ಮಾಡ್ದಂಗೆ. ಕಾಯಿ ನೋಡ್ದೆ ನಂಬಾಕಿಲ್ಲ ಕಣ್ಲಾ. ಇಳಿಸು. ತೋಟಕ್ಕೆ ಹೋಗಾನ. ಮೂರು ಕಾಯಿ ನನ್ನ ಎದುರಿಗೆ ಬೀಳ್ಬೇಕು. ಬೀಳ್ಲಿಲ್ವಾ, ನಾನು ಇಲ್ಲಿಗೇ ಬತ್ತೀನಿ. ಆಗ ಯಾರೂ ಹಿಂದ್ ಬರಂಗಿಲ್ಲ."

ದುರ್ಗಯ್ಯ ಹತ್ತಿ, ಅವನನ್ನು ತನ್ನ ಸೊಂಟಕ್ಕೆ ಬಿಗಿದುಕೊಂಡು ಇಳಿಸಿದ. ಕೈಚೀಲದಲ್ಲಿ ತಾರೆಕಾಯಿಗಳಿದ್ದವು. "ಆ ಕೊಂಬೆಯಾಗೆ ನೂರಾ ಹದಿನಾರು ಅಂದೆ," ಎಂದ ಮಾವ, "ತೊಂಬತ್ತರ ತನಕ ಕಿತ್ತೆ. ಆಮೇಲೆ ಕೆಳಗೆ ನೋಡ್ಬುಟ್ಟೆ." ಅಷ್ಟು ಹೇಳಿ ಮತ್ತೆ ಮುಸುಕು ಹಾಕಿಕೊಂಡ.

ವಾಪಸು ಬರುವ ಬಸ್ಸಿನಲ್ಲಿ ನನಗೆ ಹೊಸ ಹೆದರಿಕೆ ಹತ್ತಿತು. ಮೂರು ದಿನವಾಗಿದೆ. ಕಾಯಿಗಳು ಅಲ್ಲೇ ಇವೆಯೇ? ಇಲಿ ಇದೆ, ಕೋತಿ ಇದೆ. ನಿನ್ನೆ ಗಾಳಿ ಬೀಸಿತ್ತು. ಬಿದ್ದದ್ದನ್ನು ಯಾರಾದರೂ ಎತ್ತಿಕೊಂಡು ಹೋಗಿದ್ದರೆ? ದುರ್ಗಯ್ಯನೂ ಅದನ್ನೇ ಯೋಚಿಸುತ್ತಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಾವ ನಮ್ಮ ನಡುವೆ ಕೂತು ಕರ್ಕೋಟಕ, ದಮಯಂತಿ, ನಳ, ಋತುಪರ್ಣ ಎಂದು ಗೊಣಗುತ್ತಿದ್ದ.

ತೋಟಕ್ಕೆ ಬಂದಾಗ ಬಿಸಿಲು ಇಳಿದು ಮರಗಳ ನೆರಳು ಉದ್ದವಾಗಿತ್ತು. ನಾನೇ ಹೋಗಿ ಶ್ರೀರಂಗಯ್ಯನನ್ನೂ ಕೆಂಪಕ್ಕನನ್ನೂ ಕರೆದುತಂದೆ. ರೇವಮ್ಮತ್ತೆ ಮೊದಲೇ ಬಂದು ನಿಂತಿದ್ದಳು. ಎಲ್ಲರ ಎದುರು ಮಾಡಿದ್ದನ್ನೆಲ್ಲ ಹೇಳಿದೆ. ಅತ್ತೆಯ ದನಿ ತೆಗೆದದ್ದನ್ನು ಹೇಳುವಾಗ ಅತ್ತೆಯ ಕಡೆ ನೋಡಲಿಲ್ಲ. ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಎಲ್ಲರೂ ಮರ ಹತ್ತುತ್ತಿದ್ದ ದುರ್ಗಯ್ಯನನ್ನೇ ನೋಡುತ್ತಿದ್ದರು, ಮಾವನೊಬ್ಬನನ್ನು ಬಿಟ್ಟು. ಅವನು ಬಾವಿಯ ಕಲ್ಲಿನ ಮೇಲೆ ನೆಲ ನೋಡುತ್ತಾ ಕೂತಿದ್ದ.

ದಢ್.

"ಲಾಭ," ಎಂದಳು ಕೆಂಪಕ್ಕ, ಅಭ್ಯಾಸಬಲದಿಂದ.

ದಢ್.

"ಎರಡು," ಎಂದ ಶ್ರೀರಂಗಯ್ಯ.

ಮೂರನೆಯದು ಬೀಳಲಿಲ್ಲ. ಮೇಲೆ ಗರಿಗಳ ಸರಬರ ಸದ್ದು. ನಾರು ಹರಿದ ಸದ್ದು. ಒಣ ಕಸ ಉದುರಿತು.

"ದುರ್ಗಣ್ಣ?" ಎಂದೆ.

"ಇಟ್ಟ ಜಾಗದಾಗೆ ಇಲ್ಲ ಕಣ್ಲಾ!" ಮೇಲಿನಿಂದ ದುರ್ಗಯ್ಯ ಕೂಗಿದ. "ಎರಡೇ ಅವೆ! ಮೂರನೇದು ಇಲ್ಲ!"

ಮಾವ ಎದ್ದು ನಿಂತ. ಗುಡ್ಡದ ದಾರಿಯ ಕಡೆಗೆ ತಿರುಗಿದ. ರೇವಮ್ಮತ್ತೆ ಅವನ ಪಂಚೆಯ ತುದಿ ಹಿಡಿದಳು. ಹಿಡಿದದ್ದು ಬಿಡಲಿಲ್ಲ. ನಾನು ಮಾವನ ಕಾಲಿಗೆ ಬಿದ್ದೆ. ಬಿದ್ದವನ ಕಣ್ಣೆದುರಿಗೆ ಅವನ ಎಡಗಾಲಿನ ಹಿಮ್ಮಡಿ, ಮೂರು ದಿನದಿಂದ ಉಜ್ಜಿ ಉಜ್ಜಿ ಚರ್ಮ ಸುಲಿದು ಕೆಂಪಗಾಗಿತ್ತು.

"ಮಾವ, ಒಂದ್ಸಲ, ಒಂದೇ ಒಂದ್ಸಲ ಮೇಲೆ ನೋಡು," ಎಂದೆ. "ನಿನ್ ಕಣ್ಣಿಗೆ ಕಾಣದ್ದು ಇನ್ಯಾರಿಗೂ ಕಾಣಲ್ಲ. ನೋಡಿ ಆಮೇಲೆ ಎಲ್ಲಿಗಾದ್ರೂ ಹೋಗು. ನಾನೂ ಬತ್ತೀನಿ."

ಅವನು ನನ್ನನ್ನು ನೋಡಿದ. ಹೆಂಡತಿಯ ಕೈ ನೋಡಿದ. ಆಮೇಲೆ ಬಾವಿಗೆ ಇಣುಕುವವನ ಹಾಗೆ ಹೆದರುತ್ತಾ ಹೆದರುತ್ತಾ ತಲೆ ಎತ್ತಿದ. ತಲೆಯ ಮೇಲಿದ್ದ ಟವೆಲು ಜಾರಿ ಹಿಂದಕ್ಕೆ ಬಿತ್ತು. ಯಾರೂ ಎತ್ತಿಕೊಳ್ಳಲಿಲ್ಲ. ಋತುಪರ್ಣನ ಉತ್ತರೀಯ ಬಿದ್ದಾಗಲೂ ರಥ ಹೀಗೇ ಮುಂದೆ ಹೋಗಿದ್ದಿರಬೇಕು.

ಮಾವ ಮರದ ಸುತ್ತ ಕಾಲು ಎಳೆದುಕೊಂಡು ಒಂದು ಸುತ್ತು ಬಂದ. ಅರ್ಧ ಸುತ್ತಿಗೆ ನಿಂತ. ಕಣ್ಣು ಕಿರಿದು ಮಾಡಿದ.

"ಲೇ ದುರ್ಗ."

"ಏನಣ್ಣ?"

"ಮೂಡ್ಲ ಕಡೆ ಮೂರನೇ ಗರಿ. ಅದ್ರ ಬುಡದಾಗೆ ಒಣಗಿದ ಹೊಂಬಾಳೆ ಐತಲ್ಲ, ಅದ್ರ ಸಂದಿಗೆ ಜಾರ್ಕಂಡೈತೆ. ನಿನ್ ಮೊಣಕೈ ಪಕ್ಕದಾಗೇ ಐತೆ ಕಣ್ಲಾ, ಕುರುಡ. ಕೈ ಹಾಕು."

ದುರ್ಗಯ್ಯ ಕೈ ಹಾಕಿದ.

ದಢ್.

ಆ ಸದ್ದು ತೋಟದಾಚೆಯ ತನಕ ಹೋಗಿರಬೇಕು. ಕೆಂಪಕ್ಕನಿಗೂ ಶ್ರೀರಂಗಯ್ಯನಿಗೂ ಒಟ್ಟಿಗೇ ಬಾಯಿಂದ ಬಂತು, "ನಲವತ್ತೊಂದು!"

ಮಾವ ಬಗ್ಗಿ ಆ ಕಾಯಿ ಎತ್ತಿಕೊಂಡ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಅವನ ಭುಜಗಳು ಅಲುಗತೊಡಗಿದವು. ಅಳುತ್ತಿದ್ದಾನೆ ಎಂದುಕೊಂಡು ನಾನು ಮುಖ ಮುಚ್ಚಿಕೊಂಡೆ. ಬೆರಳ ಸಂದಿಯಲ್ಲಿ ನೋಡಿದರೆ ಬಾಯಿ ಅಗಲವಾಗಿತ್ತು, ಹಲ್ಲಿಲ್ಲದ ಎರಡು ಕಿಂಡಿ ಕಾಣುತ್ತಿದ್ದವು.

"ನಲವತ್ತೊಂದೇ ಕಣ್ಲಾ! ನಾನು ನಲವತ್ತೊಂದು ಅಂದೆ, ನಲವತ್ತೊಂದೇ ಅವೆ! ಮರದ ಮೇಲಿರೋ ದುರ್ಗನಿಗೆ ಕಾಣ್ಲಿಲ್ಲ, ನೆಲದಾಗಿರೋ ನಂಗೆ ಕಾಣ್ತು!"

"ಆಮೇಲೆ ನಗುವಿರಂತೆ," ಎಂದಳು ರೇವಮ್ಮತ್ತೆ, ಪಂಚೆಯ ತುದಿ ಇನ್ನೂ ಬಿಡದೆ. "ಮೊದ್ಲು ಈ ಕಲಿರಾಯನ ಕೈಲಿ ನನ್ ಈಳಿಗೆಮಣೆ ವಾಪಸ್ ಕೊಡ್ಸಿ."

ಅಷ್ಟಕ್ಕೆ ಕೆಂಪಕ್ಕ ನಕ್ಕಳು. ಅವಳು ನಕ್ಕದ್ದು ನೋಡಿ ಶ್ರೀರಂಗಯ್ಯ ನಕ್ಕ. ಮರದ ಮೇಲೆ ದುರ್ಗಯ್ಯ ಗರಿಗೆ ಜೋತುಬಿದ್ದುಕೊಂಡೇ ನಕ್ಕ. ನಾನೂ ನಗಲು ನೋಡಿದೆ, ಕೆಮ್ಮು ಬಂತು. ಎಲ್ಲರ ನಗೆಯ ಮೇಲೆ ಮಾವನ ನಗೆ ಎದ್ದಿತು. ಆ ಕಾಯಿಯನ್ನು ಹೊಟ್ಟೆಗೆ ಒತ್ತಿಕೊಂಡು, ತಲೆ ಮೇಲೆತ್ತಿ, ತೋಟದ ಒಂದೊಂದು ಮರವನ್ನೂ ಕಣ್ಣು ತುಂಬ ನೋಡುತ್ತಾ, ಗರಿಯ ಮೇಲಿದ್ದ ಕಾಗೆಗಳೆಲ್ಲ ಹಾರಿಹೋಗುವ ಹಾಗೆ ಅವನು ನಕ್ಕ.